ಒಂದು ಸ್ಟಾರಿನ ವೈನು

ನೋಡಿ, ವಿಜಯಪುರದ ಕಡೆ ಒಬ್ಬ ಸಾಹುಕಾರ ಇದ್ದ. ಎಲ್ಲಾ ಇತ್ತು, ನೆಮ್ಮದಿ ಇರಲಿಲ್ಲ. ಯಾಕೆ? ಅವನ ಫೋನಿನಲ್ಲಿ ವೈನ್ ಕುಡಿಯುವವರ ಒಂದು ಗುಂಪಿತ್ತು. (ವೈನ್ ಅಂದ ತಕ್ಷಣ ಹಿಂದಿನ ಸಾಲಿನವರು ಎಚ್ಚರಾದಿರಿ, ಇರಲಿ!) ಅಲ್ಲಿ ಸ್ಟಾರ್ ಕೊಡಬೇಕು. ಕೆಟ್ಟದ್ದಕ್ಕೆ ಒಂದು, ಅಮೃತಕ್ಕೆ ಐದು. ತನ್ನ ಮಾತು ಎಲ್ಲಿ ಒಂಟಿಯಾಗುತ್ತೋ ಅಂತ ಇವನಿಗೆ ದಿಗಿಲು. ಅದಕ್ಕೇ ಗ್ಲಾಸು ಎತ್ತುವ ಮೊದಲು ಫೋನ್ ಎತ್ತುತ್ತಿದ್ದ. ಉಳಿದವರದು ನಾಲ್ಕಾ? ಇವನದೂ ನಾಲ್ಕು. ಬಾಟಲಿ ದುಬಾರಿಯಾ? ಇನ್ನರ್ಧ ಸೇರಿಸು!

ಅದೇ ಊರಿನ ಒಬ್ಬ ವಿಧವೆ ತನ್ನ ತೋಟದ ದ್ರಾಕ್ಷಿಯಿಂದ, ಲೈಸೆನ್ಸ್ ತೆಗೆದುಕೊಂಡು, ಮೊದಲ ಸಲ ವೈನ್ ಮಾಡಿ ಗುಂಪಿನವರಿಗೆಲ್ಲ ಕಳಿಸಿದಳು. ಶನಿವಾರದೊಳಗೆ ಸರಾಸರಿ ನಾಲ್ಕು ಸ್ಟಾರ್ ಬಂದರೆ ಪಟ್ಟಣದ ಅಂಗಡಿಯವನು ಅಷ್ಟನ್ನೂ ಕೊಳ್ಳುತ್ತಾನೆ. ಬರದಿದ್ದರೆ? ಬಳ್ಳಿ ಕಡಿದು ಜೋಳ ಬಿತ್ತಬೇಕು.

ಅವಳ ಬಾಟಲಿ ತೆರೆದ ದಿನ ಸಾಹುಕಾರನ ಫೋನ್ ಚಾರ್ಜಿಗಿತ್ತು. ಮರೆತು ಮೊದಲು ಕುಡಿದುಬಿಟ್ಟ. ಆಹಾ! ನೇರಳೆಹಣ್ಣಿನಂಥ ಸವಿ, ಕೊನೆಗೆ ಹಿತವಾದ ಒಗರು.

"ಹೆಂಗೈತ್ರಿ?" ಅಂದಳು ಹೆಂಡತಿ.

"ತಡಿ, ಫೋನ್ ನೋಡಿ ಹೇಳ್ತೀನಿ."

"ಕುಡದಾವ್ರು ನೀವು, ಫೋನಿಗೇನ್ ಕೇಳ್ತೀರಿ?"

ನೋಡಿದ. ಎಲ್ಲರಿಗಿಂತ ಮೊದಲು, ಊರಿಗೇ ಅಕ್ಷರ ಕಲಿಸಿದ, ಗುಂಪಿಗೆ ಮೊನ್ನೆಯಷ್ಟೇ ಸೇರಿದ ಮುದಿ ಮಾಸ್ತರು ಕೊಟ್ಟಿದ್ದರು: ಒಂದು ಸ್ಟಾರ್. ಅವರ ಕೆಳಗೆ ಇಪ್ಪತ್ತಾರು ಜನ, ಎಲ್ಲರದೂ ಒಂದೇ. "ಬರೀ ಒಗರು", "ಗಂಟಲು ಹಿಡಿಯಿತು". ಸಾಹುಕಾರ ಗ್ಲಾಸು ಮತ್ತೆ ಎತ್ತಿದ. ಇನ್ನೊಂದು ಗುಟುಕು ಕುಡಿದ. ಈ ಸಲ ನಿಜಕ್ಕೂ ಬರೀ ಒಗರು! ನೋಡಿ, ನಾಲಿಗೆಯೂ ಸುಳ್ಳು ಕಲಿಯಿತು. ಒಂದು ಸ್ಟಾರ್ ಒತ್ತಿದ.

ಭಾನುವಾರ ದಾರಿಯಲ್ಲಿ ಮಾಸ್ತರು ಸಿಕ್ಕರು.

"ಆ ತಂಗಿ ವೈನ್ ಭಾಳ ಛಲೋ ಐತಲ್ಲೋ! ನಾನ ಮೊದಲು ಒಂದು ಸ್ಟಾರ್ ಹಾಕೇನಿ."

"ಒಂದು ಅಂದ್ರ ಕೆಟ್ಟದ್ದು ಅಂತ್ರಿ ಸರ!"

"ಹುಚ್ಚ ಅದೀ ಏನ್? ಒಂದನೇ ನಂಬರ್ ಮಾಲು ಅಂತಾರ. ಐದನೇ ನಂಬರ್ ಮಾಲು ಅಂತ ಯಾರರ ಅಂತಾರೇನು?"

ಸಾಹುಕಾರ ಓಡಿದ, ಚಪ್ಪಲಿ ಬಿಟ್ಟು ಓಡಿದ. ತೋಟದಲ್ಲಿ ಆ ವಿಧವೆಯ ಕೈಯಲ್ಲಿ ಕೊಡಲಿ. ಅರ್ಧ ತೋಟ ನೆಲಕ್ಕೆ ಮಲಗಿತ್ತು.

"ನಿಲ್ಲಸಬೇ ಯವ್ವಾ! ನನಗ ಛಲೋ ಅನ್ನಿಸಿತ್ತು."

"ಯಾವಾಗ್ರಿ ಸಾವ್ಕಾರ್ರ?"

"ಕುಡದ ಕೂಡ್ಲೇ."

"ಹಂಗಾರ ಆವಾಗ ಹೇಳಬೇಕಿತ್ರಿ." ಕೊಡಲಿ ಮತ್ತೆ ಎದ್ದಿತು.

ಪ್ರಿಯರೇ, ಮಾಸ್ತರದು ತಿಳಿಯದೆ ಆದ ತಪ್ಪು. ಸಾಹುಕಾರನದೂ ಸೇರಿ ಉಳಿದ ಇಪ್ಪತ್ತೇಳು ಯಾರ ತಪ್ಪು? ಸಾಹುಕಾರನನ್ನು ನೋಡಿ ನಕ್ಕಿರಲ್ಲ, ನೀವೇನು ಕಮ್ಮಿ? ಅತ್ತೆ ಮುಖ ಸಿಂಡರಿಸಿದರೆ ಸೊಸೆ ಮಾಡಿದ ಸಾರು ನಿಮಗೂ ಸಪ್ಪೆ! ನಾಲ್ಕು ಜನ ಬೈದರೆ ಪಕ್ಕದ ಮನೆಯವನು ನಿಮಗೂ ಕಳ್ಳ! ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಯಾರ ಮುಖವನ್ನೂ ನೋಡಬೇಡಿ. ಮೊದಲ ತುತ್ತು ನುಂಗಿ. ಬಡಿಸಿದವರ ಕಡೆ ತಿರುಗಿ, ಅನ್ನಿಸಿದ್ದನ್ನು ಹೇಳಿ. ಅವರು ಪಾತ್ರೆ ಎತ್ತಿಕೊಂಡು ಒಳಗೆ ಹೋಗುವ ಮೊದಲೇ ಹೇಳಿ.