ಹುಳದ ಮನೆಯ ಹೀಟರ್

ಚಳಿಗಾಲದ ಮುಂಜಾನೆ. ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಹಡಗಲಿ ಬಸ್ಸಿಗೆ ಕಾಯುತ್ತಿದ್ದ ವಾಣಿಶ್ರೀಯ ಕಿವಿಯೆಲ್ಲ ಪಕ್ಕದ ಬೆಂಚಿನ ಕಡೆಗಿತ್ತು. ಅಲ್ಲಿ ರೇಷ್ಮೆ ಹುಳ ಸಾಕುವ ಕೊಟ್ರಮ್ಮ, ವೈರಿಂಗ್ ಮಾಡುವ ಭೀಮೇಶನನ್ನು ಹಿಡಿದು ನಿಲ್ಲಿಸಿದ್ದಳು.

“ಕಾವು ನೋಡಿ ಹೀಟರ್ ನಡಸ್ತೈತಿ ಅಂತ ಎಂಥಾ ಥರ್ಮೋಸ್ಟಾಟ್ ಕೂಡ್ಸಿದ್ಯೋ ಭೀಮೇಶ? ಸಂಜಿ ಆತಂದ್ರ ಹೀಟರ್ ಬಂದ್ ಆಗ್ತೈತಿ. ಹುಳ ಚಳಿಗೆ ಸೊಪ್ಪು ಮುಟ್ಟವಲ್ವು.”

“ನಿಮ್ಮೆದುರಿಗೇ ಟೆಸ್ಟ್ ಮಾಡಿದ್ನಲ್ರೀ ಅಮ್ಮಾ. ಬಿಸಿನೀರಿನ ಚೊಂಬು ಹಿಡಿದ್ರ ಹೀಟರ್ ಬಂದ್ ಆತು, ತೆಗೆದ್ರ ಚಾಲೂ ಆತು.”

“ನಿನ್ನ ಚೊಂಬಿನ ಮಾತು ಕೇಳ್ತೈತಿ, ನನ್ನ ಮಾತು ಕೇಳವಲ್ದು.”

“ಸಂಜಿಗೆ ಅದರ ಹತ್ರ ಏನರ ಇಡ್ತೀರೇನು?”

“ಏನಿಲ್ಲಪಾ. ಹೊಸಾ ಮಷಿನ್ ಅಲ್ಲೇನು, ವಿಭೂತಿ ಹಚ್ಚಿ ಕೆಳಗೊಂದು ದೀಪ ಇಡ್ತೀನಿ.”

ಭೀಮೇಶ ಹಣೆ ಬಡಿದುಕೊಂಡು ನಕ್ಕ.

“ದೀಪದ ಕಾವಿಗೆ ಅದು ಇಡೀ ಮನಿ ಬೆಚ್ಚಗೈತಿ ಅಂತ ತಿಳ್ಕಂತೈತ್ರಿ!”

“ಅಯ್ಯ ಶಿವನೇ! ನಾನೇ ಹುಳಾನ್ನ ನಡುಗಿಸಿದ್ನೇನೋ? ಇನ್ನ ಉಳಿತಾವಾ?”

“ದೀಪ ದೇವರ ಜಗಲಿಗೆ ಇಡ್ರಿ. ಬೆಚ್ಚಗಾದ ಕೂಡ್ಲೆ ಸೊಪ್ಪು ತಿಂತಾವು.”

ಕೊಟ್ರಮ್ಮನ ಮುಖ ಅರಳಿತು. ಅಷ್ಟರಲ್ಲಿ ಅವಳ ಬಸ್ಸು ಬಂತು. ಹತ್ತಿ ಕೂತವಳು ಕಿಟಕಿಯಿಂದ ಕೂಗಿದಳು:

“ಹುಳ ಸೊಪ್ಪು ತಿಂದ್ರ ಆ ಮಷಿನ್ ಮುಂದ ಕಾಯಿ ಒಡಿತೀನಿ ನೋಡು!”

“ಬ್ಯಾಡ್ರೀ ಅಮ್ಮಾ, ಗುಡ್ಯಾಗ ಒಡೀರಿ!” ಎನ್ನುತ್ತ ಭೀಮೇಶ ಬಸ್ಸಿನ ಹಿಂದೆಯೇ ಓಡಿದ.