ಹಾಡಹಗಲಿನ ದೆವ್ವದ ಚಿತ್ರ

ಕೊಟ್ಟೂರಿನ ಹಿರಿಯರೇ, ಹರಪನಹಳ್ಳಿ, ಹಡಗಲಿಯಿಂದ ಬಸ್ಸು ಹಿಡಿದು ಬಂದಿರುವ ಟೆಂಟ್ ಸಿನಿಮಾದ ಹಳೆಯ ಗೆಳೆಯರೇ, ಮುಂದೆ ಕುಳಿತಿರುವ, ಅಗಲಿದ ಗೆಳೆಯನ ಮಗಳು ಗೀತಾಂಜಲಿ, ಅವನ ನಾದಿನಿ ಗುರುಬಸಮ್ಮ — ಎಲ್ಲರಿಗೂ ಶರಣು. ಆ ಮೈಕು ಸ್ವಲ್ಪ ಕೆಳಗೆ ಮಾಡಪ್ಪಾ. ಸಾಕು, ಸಾಕು. ಕೀಂಯ್ ಅನ್ನಿಸಬೇಡ.

ನಾನು ನಾಗಪ್ಪ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ನಮ್ಮನ್ನಗಲಿದ ಗುರುಬಸವರಾಜನ ದೆವ್ವದ ಚಿತ್ರಗಳಲ್ಲಿ ಬಿಸಿಲನ್ನು ತಿರುಗಿಸುವ ಬೆಳ್ಳಿ ಹಾಳೆಯ ಹಲಗೆ ಹಿಡಿಯುತ್ತಿದ್ದವನು. ದೆವ್ವಗಳ ಮುಖಕ್ಕೆ ಬಣ್ಣ ಬಳಿಯುತ್ತಿದ್ದವನೂ ನಾನೇ.

ನನಗಿಂತ ಮೊದಲು ಮಾತಾಡಿದವರು ಅವನನ್ನು ಕಲಾತಪಸ್ವಿ ಅಂದರು. ಸುಳ್ಳು. ಸತ್ತವನ ಮುಂದೆ ಸುಳ್ಳು ಹೇಳಬೇಡಿ. ‘ರಕ್ತ ಕೇಳಿದ ಮುತ್ತೈದೆ’ ಬಂದಾಗ ಪೋಸ್ಟರಿಗೆ ಸಗಣಿ ಎರಚಿದವರು ಇದೇ ಊರಿನವರು. ಎರಚಿದ ಕೈ ತೊಳೆದುಕೊಂಡು, ತಲೆ ಮೇಲೆ ಟವೆಲ್ ಹೊದ್ದುಕೊಂಡು ಟೆಂಟಿಗೆ ಬಂದವರೂ ಅವರೇ. ನಗಬೇಡಿ — ನಗುತ್ತಿರುವವರ ಮುಖ ನನಗೆ ಗೊತ್ತು. ಕಥೆಗೆ ಸಂಬಂಧವೇ ಇಲ್ಲದ ಸ್ನಾನದ ಹಾಡು, ರಬ್ಬರ್ ಹಾವು, ಕುಂಕುಮ ಕಲಸಿದ ರಕ್ತ. ಅವನೇ ಹೇಳುತ್ತಿದ್ದ, “ಲೇ ನಾಗ್ಯಾ, ನಾವು ಮಾಡೋದು ಕಲೆ ಅಲ್ಲಲೇ, ಮಂಡಕ್ಕಿ. ತಿನ್ನಾಗ ಗರಿಗರಿ ಇದ್ರ ಸಾಕು.”

ಆದರೆ ಆ ಚಿತ್ರದ ಒಂದು ತುಣುಕು ಅವನನ್ನು ನಲವತ್ತು ವರ್ಷ ಸುಮ್ಮನೆ ಬಿಡಲಿಲ್ಲ. ಅದನ್ನು ಹೇಳಲಿಕ್ಕೇ ನಾನು ಇಲ್ಲಿ ನಿಂತಿದ್ದು.

ನಾವೆಲ್ಲ ನಾಟಕ ಕಂಪನಿಯಿಂದ ಬಂದವರು. ನಮ್ಮಲ್ಲೊಂದು ಕಟ್ಟುನಿಟ್ಟು ಇತ್ತು. ಹೆಣದ ವೇಷ ಹಾಕಿದವರು ತಾವಾಗಿ ಏಳಬಾರದು. ಮನೆಯವರು ಯಾರಾದರೂ ಕರೆಯಬೇಕು — ಪಾತ್ರದ ಹೆಸರಲ್ಲ, ಅವರದೇ ಹೆಸರು ಹಿಡಿದು. ಅವರು ‘ಓ’ ಅನ್ನಬೇಕು. ಆಮೇಲೆ ಏಳಬೇಕು. ಕರೆಯದೆ ಎದ್ದವರು ಪೂರ್ತಿ ಎದ್ದಿರುವುದಿಲ್ಲ ಎನ್ನುತ್ತಿದ್ದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಪಾಲಿಸುತ್ತಿದ್ದೆ.

ಮುತ್ತೈದೆಯ ದೆವ್ವವಾಗಿದ್ದವಳು ಅವನ ಹೆಂಡತಿ ಶಿವಗಂಗಾ. ಗೀತಾಂಜಲಿ, ನಿನ್ನ ತಾಯಿ. ನೀನಾಗ ತೊಟ್ಟಿಲಲ್ಲಿದ್ದೆ.

ಹೊಸಹಳ್ಳಿಯಾಚೆಯ ಜಾಲಿ ಬಯಲು. ನೆತ್ತಿ ಸುಡುವ ಮಧ್ಯಾಹ್ನ. ರಾತ್ರಿ ದೊಡ್ಡ ದೀಪ ಹಾಕಿ ತೆಗೆಯುವ ಶಕ್ತಿ ನಮಗೆಲ್ಲಿತ್ತು? ಕ್ಯಾಮೆರಾಕ್ಕೆ ನೀಲಿ ಗಾಜು ಹಾಕಿ ಮಧ್ಯಾಹ್ನವನ್ನೇ ಅಮಾವಾಸ್ಯೆ ಮಾಡುತ್ತಿದ್ದೆವು. ಗುಂಡಿ ತೋಡಿದೆವು. ನಮ್ಮಲ್ಲಿ ಕೂರಿಸಿಯೇ ಮಣ್ಣು ಕೊಡುವುದಲ್ಲವೇ, ಹಾಗೇ ಅವಳೂ ಕಣ್ಣು ಮುಚ್ಚಿ ಗುಂಡಿಯಲ್ಲಿ ಕುಳಿತಳು. ತಲೆತುಂಬ ಹಡಗಲಿ ಮಲ್ಲಿಗೆ. ಗಾಳಿ ಜೋರಿತ್ತು, ಕ್ಯಾಮೆರಾ ಹತ್ತಿರದಿಂದ ಹೆಸರು ಕೂಗಿದರೆ ಅವಳಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಗುರುಬಸವರಾಜ ಗುಂಡಿಯ ಪಕ್ಕದ ಮಣ್ಣಿನ ರಾಶಿಗೆ ಒರಗಿ, ಕ್ಯಾಮೆರಾದ ಕಣ್ಣೆದುರಿಗೇ ಕುಳಿತುಬಿಟ್ಟ. “ಗಾಜಿನ ಕತ್ತಲಾಗ ನಾ ಯಾರಿಗೂ ಕಾಣಂಗಿಲ್ಲ ಬಿಡಲೇ. ದನಿ ಹೆಂಗೂ ಆಮ್ಯಾಲೆ ಹಾಕತೀವಿ” ಎಂದ.

ಕ್ಯಾಮೆರಾ ತಿರುಗಿತು. ಶಿವಗಂಗಾ ಎದ್ದಳು. ಫಿಲ್ಮು ಅಷ್ಟಕ್ಕೇ ಮುಗಿಯಿತು. ಇನ್ನೊಮ್ಮೆ ತೆಗೆಯುವಂತಿರಲಿಲ್ಲ.

ಅವತ್ತಿನಿಂದ ಹೆಸರು ಹಿಡಿದು ಕರೆದರೆ ಅವಳು ‘ಓ’ ಅನ್ನುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದಳು, ಕೂಸಿಗೆ ಹಾಲೂಡುತ್ತಿದ್ದಳು, ನಮ್ಮ ಜೋಕಿಗೆ ನಗುತ್ತಿದ್ದಳು. ‘ಶಿವಗಂಗಾ’ ಅಂದರೆ ಮಾತ್ರ ತಿರುಗುತ್ತಿರಲಿಲ್ಲ. ಬಳ್ಳಾರಿಯ ಡಾಕ್ಟರು ಕಿವಿ ಚೆನ್ನಾಗಿದೆ ಅಂದರು. ಚಿತ್ರ ಟೆಂಟಿಗೆ ಬರುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು.

ಮಣ್ಣಾದ ದಿನವೇ ಅವಳ ತಂಗಿ ಗುರುಬಸಮ್ಮ ಕೇಳಿದಳು, “ಮಾಮಾ, ಅವತ್ತು ನಮ್ಮಕ್ಕನ್ನ ಕರದಿಯೇನು?”

“ಕರದೀನಿ.”

“ಇಲ್ಲ. ನೀ ಕರೀಲಿಲ್ಲ.”

ಮದುವೆ, ಸೀಮಂತ, ಗೃಹಪ್ರವೇಶ — ಎಲ್ಲಿ ಸಿಕ್ಕರೂ ಇದೇ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ “ಕರೀಲಿಲ್ಲ ನೀ” ಅನ್ನುವಳು. ತಲೆಯೆತ್ತದೆ “ಕರದೀನಿ, ತುಪ್ಪ ಹಾಕು” ಅನ್ನುವನು. ಹೊರಗೆ ಹಾಗೆ. ಒಳಗೆ ಅವನಿಗೂ ನೆನಪಿರಲಿಲ್ಲ. ನನ್ನೊಬ್ಬನ ಹತ್ತಿರ ಹೇಳಿದ್ದ, “ನಾಗ್ಯಾ, ಕರದಂಗೂ ಅನಸತೈತಿ, ಕರೀದಂಗೂ ಅನಸತೈತಿ.”

ಮೊನ್ನೆ ಮೊನ್ನೆ ಇಂಥ ಹಳೆಯ ದೆವ್ವದ ಚಿತ್ರಗಳನ್ನು ತೊಳೆದು ಡಿಸ್ಕು ಮಾಡಿ, ಮನೆಯಲ್ಲಿ ನೋಡುವವರಿಗೆ ಮಾರುವ ಕಂಪನಿಯೊಂದು ಅವನನ್ನು ಹುಡುಕಿಕೊಂಡು ಬಂತು. ಎಲ್ಲಿಯ ಹುಚ್ಚರೋ! ಉಳಿದಿದ್ದ ಒಂದೇ ಪ್ರಿಂಟು ಹರಪನಹಳ್ಳಿಯ ಟೆಂಟಿನವರ ಅಟ್ಟದಲ್ಲಿ ಹುಳಿ ವಾಸನೆ ಹೊಡೆಯುತ್ತಿತ್ತು. ಅದೋ, ಅಲ್ಲಿ ಕುಳಿತಿದ್ದಾಳಲ್ಲ, ಆ ಕಂಪನಿಯ ಅರ್ಚನಾ — ಆ ತಾಯಿ ಚಿತ್ರ ಚಿತ್ರವಾಗಿ ಬಿಡಿಸಿ, ಗೀರು ಅಳಿಸಿ, ಕಂಪ್ಯೂಟರಿಗೆ ಏರಿಸಿದಳು. ನೀಲಿ ಬಣ್ಣ ಪೂರಾ ಮಾಸಿತ್ತು. ಅದು ರಾತ್ರಿಯೆಂದು ಅವಳಿಗೆ ಹೇಗೆ ತಿಳಿಯಬೇಕು? ಮಸುಕಾಗಿದೆ ಅಂತ ಬೆಳಕು ಹೆಚ್ಚಿಸಿದಳು. ನಾವು ಮುಚ್ಚಿಟ್ಟಿದ್ದ ಮಧ್ಯಾಹ್ನವೆಲ್ಲ ಹೊರಗೆ ಬಂತು.

ಕೊಟ್ಟೂರಿನ ಅವನ ಮನೆಯಲ್ಲಿ ಟಿವಿಗೆ ಹಾಕಿ ನೋಡಿದೆವು. ಅವನು, ನಾನು, ಗೀತಾಂಜಲಿ, ಗುರುಬಸಮ್ಮ. ಮೊದಲು ಬಿದ್ದು ಬಿದ್ದು ನಕ್ಕೆವು. ದೆವ್ವಕ್ಕೆ ಕಾಲಡಿ ಕಪ್ಪು ನೆರಳು, ಕಂಕುಳಲ್ಲಿ ಬೆವರು, ತಲೆಯಲ್ಲಿ ಬಾಡಿದ ಮಲ್ಲಿಗೆ!

“ಯವ್ವಾ, ಏನ್ ಮಾಮಾ ಇದು? ಕುರಿ ಮೇಯ್ಸಾಕ ಹೊಂಟೈತೇನು ನಿನ್ನ ದೆವ್ವ?” ಎಂದಳು ಗುರುಬಸಮ್ಮ.

ಆಮೇಲೆ ಗುಂಡಿ ಬಂತು.

ಮಣ್ಣಿನ ರಾಶಿಗೆ ಒರಗಿ ಒಬ್ಬ ಕುಳಿತಿದ್ದಾನೆ. ಟೆಂಟಿನಲ್ಲಿ ಯಾರಿಗೂ ಎಂದೂ ಕಾಣದವನು. ಗುರುಬಸವರಾಜ. ಕತ್ತು ಹೀಗೆ ಮೇಲಕ್ಕೆ — ಸೂರ್ಯನ ಹತ್ತಿರ ಬಂದ ಮೋಡ ನೋಡುತ್ತಿದ್ದಾನೆ. ಕೈ ಹೀಗೆ — ಇನ್ನೂ ಬೇಡ, ತಡೀರಿ ಅನ್ನುತ್ತಿದೆ. ತುಟಿಯ ನಡುವೆ ಬೀಡಿ.

“ನಿಂದ್ರಸು,” ಎಂದ. ಗೀತಾಂಜಲಿ ನಿಲ್ಲಿಸಿದಳು. “ಹಿಂದಕ್ಕ ತಗೋ.”

ಎಷ್ಟು ಹಿಂದಕ್ಕೆ ತೆಗೆದರೂ ಬೀಡಿ ತುಟಿಯಲ್ಲೇ ಇತ್ತು. ತುಟಿ ಬಿಚ್ಚಲಿಲ್ಲ.

“ಕರದಿಲ್ಲ ನಾ,” ಎಂದ. “ಗುರುಬಸವ್ವಾ, ನೀ ಅಂದದ್ದೇ ಖರೆ.”

ಗೆದ್ದವಳು ಹಿಗ್ಗಬೇಕಲ್ಲವೇ? ಅವಳು ಟಿವಿಯ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟಳು. “ಮಾಮಾ… ಅಕ್ಕನ ಬಾಯಿ ನೋಡು. ‘ಓ’ ಅಂದಾಳಲ್ಲ. ಯಾರಿಗಂದ್ಳು?”

ನೋಡಿದೆವು. ಶಿವಗಂಗಾ ಕಣ್ಣು ತೆರೆಯುತ್ತಾಳೆ. ಗಂಡ ಕುಳಿತ ಕಡೆಗಲ್ಲ — ಇನ್ನೊಂದು ಕಡೆಗೆ ಕತ್ತು ತಿರುಗಿಸುತ್ತಾಳೆ. ಗುರುತಿನವರು ಕರೆದಾಗ ಮುಖ ಅರಳುತ್ತದಲ್ಲ, ಹಾಗೆ ಅರಳುತ್ತದೆ. ‘ಓ’ ಅನ್ನುತ್ತಾಳೆ. ಏಳುತ್ತಾಳೆ. ಆ ಕಡೆ ಹಲಗೆ ಹಿಡಿದು ನಿಂತಿದ್ದವನು ನಾನೊಬ್ಬನೇ. ನಾನು ಕರೆದಿರಲಿಲ್ಲ. ಅವಳ ಕಣ್ಣು ನನ್ನ ಮೇಲೂ ಇಲ್ಲ. ನನಗಿಂತ ಈಚೆಗೆ — ಗುಂಡಿಗೂ ನನಗೂ ನಡುವೆ. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ.

ಮಾರನೆಯ ದಿನ ಜೀಪು ಮಾಡಿಕೊಂಡು ಆ ಬಯಲಿಗೆ ಹೋದೆವು. ಗುಂಡಿ ಮುಚ್ಚಿ ಹೋಗಿ ಜಾಲಿ ಬೆಳೆದಿತ್ತು. ಚಪ್ಪಲಿ ಬಿಟ್ಟು ನಿಂತು ಅವನು ಕರೆದ. “ಶಿವಗಂಗಾ… ಏಳು. ಸಾಕು, ಏಳು.” ಗಾಳಿ ಕೂಡ ಇರಲಿಲ್ಲ. ಒಂದು ಎಲೆ ಅಲ್ಲಾಡಲಿಲ್ಲ. ಗುರುಬಸಮ್ಮ ಅವನ ಕೈ ಹಿಡಿದಳು. “ಆತು ಮಾಮಾ. ಈಗ ಕರದಿ. ನಡಿ ಮನಿಗೆ.” ಆ ಜಗಳ ಅಲ್ಲಿಗೆ ಮುಗಿಯಿತು. ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಮಾತೆಲ್ಲ ಆಡುತ್ತಿರಲಿಲ್ಲ.

ಜೀಪು ಹತ್ತುವಾಗ ನಾನು, “ಗುರುಬಸವರಾಜ, ಚಪ್ಪಲಿ ಮರ್ತೀಯಲ್ಲೋ” ಎಂದೆ. ತಿರುಗಲಿಲ್ಲ. “ಲೇ ಗುರುಬಸ್ಯಾ, ಕಿವಿ ಸತ್ತಾವೇನ್ಲೇ?” ತಿರುಗಲಿಲ್ಲ. ಭುಜ ಮುಟ್ಟಿದೆ. ನಕ್ಕ. “ಏನಲೇ ನಾಗ್ಯಾ?”

ಅಪ್ಪಾ ಅಂದರೆ ತಿರುಗುತ್ತಿದ್ದ. ಮಾಮಾ ಅಂದರೆ ತಿರುಗುತ್ತಿದ್ದ. ಹೆಸರಿಗೆ ಮಾತ್ರ ಇಲ್ಲ.

ಬಿಸಿಲು ಬಡಿದಿರಬೇಕು ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ಅದು ರಾತ್ರಿಯೆಂದು ತಿಳಿದ ಅರ್ಚನಾ ಫೋನು ಮಾಡಿ, “ಸರ್, ಎಲ್ಲವನ್ನೂ ಮತ್ತೆ ರಾತ್ರಿ ಮಾಡಿಕೊಡ್ತೀನಿ” ಅಂದಾಗ ಚೆನ್ನಾಗಿಯೇ ಮಾತಾಡಿದ. “ಮಾಡವ್ವಾ, ನಾವು ತೆಗದದ್ದು ರಾತ್ರಿನೇ. ಆದ್ರ ಗುಂಡ್ಯಾಗಿಂದ ಏಳೋದು ಹಗಲೇ ಇರ್ಲಿ.” ಕೊಂಡವರು ತಪ್ಪು ಅನ್ನುತ್ತಾರಲ್ಲ ಸರ್ ಎಂದಳು. “ಅನ್ಲಿ. ತಪ್ಪೇ ಅದು. ನಂದು. ಎಲ್ಲಾರೂ ನೋಡ್ಲಿ.” ನಾಲ್ಕು ತಾಲ್ಲೂಕಿನ ಸಭ್ಯಸ್ಥರು ಉಗಿದ ಮನುಷ್ಯ, ಕಡೆಗೆ ತಾನೇ ಬೆಳಕಿಗೆ ಬಂದು ಕುಳಿತ. ನಾನು ಅವನಿಗೆ ಕೈ ಮುಗಿಯುವುದು ಇದೊಂದಕ್ಕೆ.

ಹೋದ ಸೋಮವಾರ ಮಧ್ಯಾಹ್ನ ಅವನ ಮನೆಯ ಕಟ್ಟೆಯ ಮೇಲೆ ಎದುರುಬದುರು ಕುಳಿತಿದ್ದೆವು. ಗೀತಾಂಜಲಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬೀದಿ ಖಾಲಿ. ಅವನು ಅಂಗಳದ ಬಿಸಿಲಿನ ಕಡೆ ಕತ್ತು ತಿರುಗಿಸಿದ. ಮುಖ ಅರಳಿತು.

“ಓ,” ಎಂದ.

ಒಳಗಿನಿಂದ ಗೀತಾಂಜಲಿ, “ಯಾರಪ್ಪಾ ಬಂದ್ರು?” ಎಂದಳು.

ಯಾರೂ ಬಂದಿರಲಿಲ್ಲ. ನಾನು ಕರೆದಿರಲಿಲ್ಲ. ಅವನು ಮಾತ್ರ ಹೋಗಿದ್ದ — ಕುಳಿತಲ್ಲೇ.

ಇಷ್ಟೇ ನನ್ನ ಮಾತು. ಈಗ ಎಲ್ಲರೂ ಎದ್ದು ನಿಲ್ಲಿ. ಏಳಲಾಗದವರು ಕುಳಿತೇ ಇರಿ, ಮಂಡಿ ಮುರಿದುಕೊಳ್ಳಬೇಡಿ. ಆ ಫ್ಯಾನು ಆರಿಸಿ. ಅವನ ಹೆಸರು ಹಿಡಿದು ಜೈ ಅನ್ನುವುದು, ಅಮರ ಅನ್ನುವುದು ಯಾವುದೂ ಬೇಡ. ಇನ್ನು ಯಾರೂ ಅವನನ್ನು ಕರೆಯಕೂಡದು. ಕಣ್ಣು ಮುಚ್ಚಿ ಸುಮ್ಮನೆ ನಿಲ್ಲೋಣ. ಮತ್ತೆ — ಕೇಳಿರಿ — ಈ ಮೌನದಲ್ಲಿ ಯಾರೋ ಗುರುತಿನವರು ನಿಮ್ಮ ಹೆಸರು ಹಿಡಿದು ಕರೆದ ಹಾಗಾದರೆ, ಎಷ್ಟೇ ಪ್ರೀತಿಯ ದನಿಯಾಗಿರಲಿ, ‘ಓ’ ಅನ್ನಬೇಡಿ.