ಉಪ್ಪಿನ ಪುಡಿಕಿ

ಸೇಡಂ ಬಸ್ ನಿಲ್ದಾಣದಲ್ಲಿ ತಬಸ್ಸುಮ್ ಕಲಬುರಗಿ ಬಸ್ಸಿಗಾಗಿ ಕಾಯುತ್ತಿದ್ದಳು. ರಾತ್ರಿಯೇ ಕಲಸಿಟ್ಟ ಹಸಿ ತರಕಾರಿಯ ಪಚಡಿ ಇವತ್ತೂ ಡಬ್ಬಿಯಿಂದ ಸೋರಿ ಅವಳ ಚೀಲವನ್ನು ತೋಯಿಸಿತ್ತು. ಪಕ್ಕದ ಬೆಂಚಿನ ಇಬ್ಬರು ಹೆಂಗಸರ ಮಾತಿಗೆ ಅವಳ ಕಿವಿ ನಿಮಿರಿತು.

“ಐತಾರ ಗಜ್ಜರಿ, ಮೂಲಂಗಿ ಹೆಚ್ಚಿ, ಮಡಕಿಕಾಳಿನ ಮೊಳಕಿ ಕೂಡಿಸಿ ಐದ್ ದಿನಕ್ಕ ಐದ್ ಡಬ್ಬಿ ತುಂಬಿಡ್ತೀನಿ.”

“ನಂದು ಮರುದಿನಾನೇ ನೀರ್ ಬಿಡ್ತದ್ರಿ, ಗುರುದೇವಕ್ಕಾ.”

“ಉಪ್ಪು ಹಾಕಿ ಇಡ್ತೀಯೇನು?”

“ಹೂಂನ್ರಿ. ಉಪ್ಪಿಲ್ದ ಪಚಡಿ ಹ್ಯಾಂಗ?”

“ಅಲ್ಲೇ ತಪ್ಪಿದಿ ನೋಡು! ಉಪ್ಪು, ಶೇಂಗಾಪುಡಿ ಬ್ಯಾರೆ ಪುಡಿಕಿ ಕಟ್ಟು. ತಿನ್ನೂ ಹೊತ್ತಿಗಿ ಕಲಸ್ಕೋಬೇಕು.”

“ನಿಮ್ಮನಿಯವ್ರು ತಿಂತಾರೇನ್ರಿ?”

“ಮೊದಲ ‘ತಪ್ಪಲಾ ತಿನ್ಲಾಕ ನಾ ಏನ್ ಎತ್ತೇನು’ ಅಂತಿದ್ರು. ಈಗ ಅವರಿಗೇ ಉಳಿಯಂಗಿಲ್ಲ. ಫ್ಯಾಕ್ಟರ್ಯಾಗ ನಾಕ್ ಮಂದಿ ಗೆಳ್ಯಾರು ಡಬ್ಬಿ ಸುತ್ತ ಕುಂದರ್ತಾರ. ತಮ್ ತಮ್ಮ ಉಪ್ಪಿನ ಪುಡಿಕಿ ಕಿಸೇದಾಗ ಇಟ್ಕೊಂಡೇ ಬರ್ಲಾಕತ್ತಾರ!”

ಮಳಖೇಡದ ಬಸ್ಸು ಬಂತು. ಇಬ್ಬರೂ ನಗುತ್ತ ಎದ್ದರು. ಮೆಟ್ಟಿಲು ಹತ್ತಿದ ಗುರುದೇವಿ ತಿರುಗಿ, ತಬಸ್ಸುಮಳ ಒದ್ದೆ ಚೀಲದತ್ತ ಕಣ್ಣು ಹಾಯಿಸಿ ಕೂಗಿದಳು:

“ತಂಗೀ, ನಿನಗೂ ಹೇಳೀನಿ ಮತ್ತ, ಉಪ್ಪು ಬ್ಯಾರೆ!”